ಹಿಂದಿನ ಬೆಂಚಿನಿಂದ ಕಂಡ ಶಾಲೆ: ಮುಖ್ಯ ಶಿಕ್ಷಕಿಯ ಒಂದು ವಾರ

ನಮಸ್ಕಾರ. ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕಿಗೆ ಇಡೀ ವಾರ ಏನು ಕೆಲಸವಿರುತ್ತದೆ ಎಂದು ಹಲವರು ಕೇಳಿದ್ದೀರಿ. ಹಾಗಾಗಿ ಈ ವಾರ ಕ್ಯಾಮೆರಾವನ್ನು ಜೊತೆಗೆ ಒಯ್ದಿದ್ದೆ. ಮೊದಲೇ ಒಂದು ಮಾತು: ಈ ವಿಡಿಯೊದಲ್ಲಿ ಯಾವ ಮಗುವಿನ ಮುಖವೂ ಕಾಣುವುದಿಲ್ಲ, ಯಾರ ಹೆಸರೂ ಕೇಳಿಸುವುದಿಲ್ಲ. ಮಕ್ಕಳು ಮನೆಗೆ ಹೋದ ಮೇಲಿನ ತರಗತಿಗಳು, ನನ್ನ ಮೇಜು, ಮುಚ್ಚಿದ ಹಾಜರಿ ಪುಸ್ತಕ, ಇಂಥವನ್ನಷ್ಟೇ ಚಿತ್ರೀಕರಿಸಿದ್ದೇನೆ. ಉಳಿದದ್ದನ್ನು ಮಾತಿನಲ್ಲಿ ಹೇಳುತ್ತೇನೆ.

ಸೋಮವಾರ. ಈಗ ಕಾಣುತ್ತಿರುವುದು ಶಾಲೆಯ ಗೇಟು. ಗಂಟೆ ಬಾರಿಸುವ ಮೊದಲು ನಾನು ಇಲ್ಲಿ ನಿಲ್ಲುತ್ತೇನೆ. ಈ ಹೊತ್ತಿನಲ್ಲಿ ಯಾರು ಫೋನ್ ಮಾಡಿದರೂ ಕಚೇರಿಯಲ್ಲಿ ಸಿಗುವುದಿಲ್ಲ. ದಿನವೂ ಓಡಿಕೊಂಡು ಬರುವ ಹುಡುಗ ಇಂದು ಕಾಲೆಳೆದುಕೊಂಡು ಬಂದರೆ ಅದು ಗೇಟಿನಲ್ಲಿ ಮಾತ್ರ ಗೊತ್ತಾಗುತ್ತದೆ. ತರಗತಿಯೊಳಗೆ ಕುಳಿತ ಮೇಲೆ ಅವನೂ ಎಲ್ಲರ ಹಾಗೆಯೇ ಕಾಣುತ್ತಾನೆ. ಅಕ್ಕನ ಕೈ ಹಿಡಿದು ಬರುತ್ತಿದ್ದ ತಂಗಿ ಒಬ್ಬಳೇ ಬಂದಳೇ? ಮಗುವನ್ನು ಬಿಟ್ಟ ಮೇಲೂ ಹೊರಡದೆ ನಿಂತಿರುವ ತಂದೆಗೆ ಏನೋ ಹೇಳಬೇಕಾಗಿದೆಯೇ?

ಈ ಸೋಮವಾರ ಹಾಗೆ ನಿಂತಿದ್ದವರ ಬಳಿಗೆ ನಾನೇ ಹೋದೆ. "ಅವಳ ಅಜ್ಜಿ ಆಸ್ಪತ್ರೆಯಲ್ಲಿದ್ದಾರೆ ಮೇಡಂ. ರಾತ್ರಿಯೆಲ್ಲ ಅತ್ತಿದ್ದಾಳೆ. ಸ್ವಲ್ಪ ನೋಡಿಕೊಳ್ಳಿ" ಎಂದರು. ಮೊದಲ ಅವಧಿ ಶುರುವಾಗುವ ಹೊತ್ತಿಗೆ ಈ ವಿಷಯ ತರಗತಿ ಶಿಕ್ಷಕರಿಗೆ ತಲುಪಿತ್ತು. ಇಲ್ಲದಿದ್ದರೆ ಆ ಮಗು ಮನೆಗೆಲಸ ಮಾಡಿಲ್ಲವೆಂದು ಎಲ್ಲರ ಮುಂದೆ ಎದ್ದು ನಿಲ್ಲಬೇಕಾಗುತ್ತಿತ್ತು.

ಅಷ್ಟರಲ್ಲಿ ಎರಡನೆಯ ತರಗತಿಯ ಶಿಕ್ಷಕಿಗೆ ಜ್ವರ ಎಂಬ ಸುದ್ದಿ ಬಂತು. ಇಂಥ ದಿನ ಮಕ್ಕಳನ್ನು ಬೇರೆ ಬೇರೆ ತರಗತಿಗಳಿಗೆ ಹಂಚಿ ಕೂರಿಸುವುದು ಸುಲಭದ ದಾರಿ. ನನಗೆ ಅದು ಒಪ್ಪಿಗೆಯಿಲ್ಲ. ಹಾಗೆ ಹಂಚಿಹೋದ ಮಕ್ಕಳಿಗೆ ಕೂರಲು ಜಾಗ ಸಿಗುತ್ತದೆ, ಪಾಠ ಸಿಗುವುದಿಲ್ಲ. ಆದ್ದರಿಂದ ಎರಡನೆಯ ತರಗತಿಯನ್ನು ನಾನೇ ತೆಗೆದುಕೊಂಡೆ. ಸಂಜೆಯವರೆಗೆ ಕಳೆಯುವ ಲೆಕ್ಕ, ಕಥೆ, ಪದ್ಯ. ಕಡತಗಳು ಮೇಜಿನ ಮೇಲೆಯೇ ಉಳಿದವು.

ಮಂಗಳವಾರದ ಬೆಳಗ್ಗೆ ಹಾಜರಿ ಪುಸ್ತಕಗಳೊಂದಿಗೆ ಕುಳಿತೆ. ಶೇಕಡಾ 90 ಹಾಜರಾತಿ ಎಂದರೆ ಕೇಳುವುದಕ್ಕೆ ಚೆನ್ನಾಗಿಯೇ ಇದೆ, ಪರೀಕ್ಷೆಯಲ್ಲಿ 90 ಅಂಕ ಬಂದಂತೆ. ಲೆಕ್ಕ ಹಾಕಿ ನೋಡಿ: ಹತ್ತು ಶಾಲಾ ದಿನಗಳಲ್ಲಿ ಒಂದು ದಿನ ಮಗು ಬಂದಿಲ್ಲ. ಆರು ವರ್ಷ ಹೀಗೆಯೇ ನಡೆದರೆ ಅರ್ಧ ವರ್ಷಕ್ಕಿಂತ ಹೆಚ್ಚಿನ ಪಾಠ ತಪ್ಪಿಹೋಗಿರುತ್ತದೆ. ಶೇಕಡಾ 10ರಷ್ಟು ದಿನ ತಪ್ಪಿಸಿಕೊಂಡರೆ ಅದನ್ನು ದೀರ್ಘ ಗೈರುಹಾಜರಿ ಎಂದು ಗುರುತಿಸುವ ದೇಶಗಳಿವೆ. ವಾರಗಟ್ಟಲೆ ಬಾರದ ಮಗು ಎಲ್ಲರ ಕಣ್ಣಿಗೂ ಬೀಳುತ್ತದೆ. ಅಲ್ಲೊಂದು ಇಲ್ಲೊಂದು ದಿನ ತಪ್ಪಿಸುವ ಮಗು ಯಾರ ಕಣ್ಣಿಗೂ ಬೀಳುವುದಿಲ್ಲ. ನಾನು ಹುಡುಕುವುದು ಅದನ್ನೇ. ವಾರದ ಯಾವ ದಿನ ತಪ್ಪಿದೆ, ಆ ದಿನ ಯಾವ ಪಾಠವಿತ್ತು, ಅಣ್ಣತಮ್ಮಂದಿರು ಒಟ್ಟಿಗೇ ಬಂದಿಲ್ಲವೇ ಎಂದು ಸಾಲು ಸಾಲಾಗಿ ನೋಡುತ್ತೇನೆ.

ಆಮೇಲೆ ಮನೆಗೆ ಫೋನ್. "ಯಾಕೆ ಕಳಿಸಲಿಲ್ಲ?" ಎಂದು ಶುರು ಮಾಡಿದರೆ ಆ ಕಡೆಯಿಂದ ನೆಪ ಬರುತ್ತದೆ. "ನಿನ್ನೆ ಮಗು ಕಾಣಲಿಲ್ಲ, ಹುಷಾರಾಗಿದ್ದಾನೆಯೇ?" ಎಂದು ಕೇಳಿದರೆ ನಿಜವಾದ ಕಾರಣ ಬರುತ್ತದೆ. ನಮ್ಮ ಶಾಲೆಯಲ್ಲಿ ಫೋನ್ ಮಾಡುವ ಎಲ್ಲರಿಗೂ ನಾನು ಇದನ್ನು ಹೇಳಿಕೊಟ್ಟಿದ್ದೇನೆ.

ಬುಧವಾರಕ್ಕಾಗಿ ನಾನು ಕಾದಿರುತ್ತೇನೆ. ಅಂದು ತರಗತಿ ವೀಕ್ಷಣೆ. ಪರದೆಯ ಮೇಲಿರುವುದು ನಾಲ್ಕನೆಯ ತರಗತಿಯ ಹಿಂದಿನ ಬೆಂಚು, ನಾನು ಕುಳಿತ ಜಾಗ. ಶಿಕ್ಷಕಿ ಹೊಸಬರು, ಚುರುಕಾಗಿದ್ದಾರೆ. ಮಕ್ಕಳಿಗೂ ಅವರೆಂದರೆ ಇಷ್ಟ. ಅಂದಿನ ಪಾಠ ಭಿನ್ನರಾಶಿ. ಪ್ರಶ್ನೆ ಕೇಳುತ್ತಾರೆ, ಮುಂದಿನ ಸಾಲಿನ ಅದೇ ಮೂರು ನಾಲ್ಕು ಕೈಗಳು ಮೇಲೇಳುತ್ತವೆ, ಉತ್ತರ ಬರುತ್ತದೆ, ಪಾಠ ಮುಂದೆ ಹೋಗುತ್ತದೆ. ಕಿಟಕಿಯ ಪಕ್ಕದ ಹುಡುಗಿಯೊಬ್ಬಳು ಬೆರಳು ಮಡಚಿ ಎಣಿಸುತ್ತಿದ್ದಳು. ಕೈ ಎತ್ತುವ ಹೊತ್ತಿಗೆ ಬೇರೆಯವರು ಉತ್ತರ ಹೇಳಿಯಾಗಿತ್ತು. ಮತ್ತೊಂದು ಪ್ರಶ್ನೆಗೂ ಹಾಗೆಯೇ ಆಯಿತು. ಆಮೇಲೆ ಅವಳು ಎಣಿಸುವುದನ್ನೇ ಬಿಟ್ಟಳು.

ಅಮೆರಿಕದ ವಿಜ್ಞಾನ ಶಿಕ್ಷಣ ತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ ಇದನ್ನೇ ಅಧ್ಯಯನ ಮಾಡಿದ್ದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ ಎಂಬುದು ಅವರಿಗೆ ಕಂಡುಬಂತು. ಆ ಕಾಯುವಿಕೆಯನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನೆ ಕೂರುತ್ತಿದ್ದ ಮಕ್ಕಳೂ ಮಾತನಾಡಿದರು, ಮಕ್ಕಳೇ ಪ್ರಶ್ನೆ ಕೇಳುವುದೂ ಹೆಚ್ಚಿತು. ಇದಕ್ಕೆ ಹೊಸ ಪುಸ್ತಕ ಬೇಡ, ಯಂತ್ರ ಬೇಡ, ಹಣ ಬೇಡ. ಆದರೂ ಮಾಡುವುದು ಬಹಳ ಕಷ್ಟ. ಪ್ರಶ್ನೆ ಕೇಳಿ ಮೌನವಾಗಿ ನಿಂತ ಶಿಕ್ಷಕಿಗೆ ಮೂರು ಸೆಕೆಂಡು ಮುಗಿಯುವುದೇ ಇಲ್ಲವೇನೋ ಅನ್ನಿಸುತ್ತದೆ.

ಪಾಠ ಮುಗಿದ ಮೇಲೆ ಇಬ್ಬರೂ ಕುಳಿತೆವು. ವೀಕ್ಷಣೆಯಾದ ಕೂಡಲೇ ತೀರ್ಪು ಕೊಡುವುದು ನನ್ನ ಪದ್ಧತಿಯಲ್ಲ. "ಕಿಟಕಿಯ ಪಕ್ಕದ ಮಗುವಿಗೆ ಉತ್ತರ ಗೊತ್ತಿತ್ತೇ? ನಿಮಗೇನು ಅನ್ನಿಸುತ್ತದೆ?" ಎಂದು ಕೇಳಿದೆ. ಅವರು ಯೋಚಿಸಿ, "ಗೊತ್ತಿಲ್ಲ ಮೇಡಂ" ಎಂದರು. ನಾನು ಕಂಡದ್ದನ್ನು ಹೇಳಿದೆ. "ಪ್ರತಿ ಪ್ರಶ್ನೆಗೂ ಕಾಯುತ್ತಾ ಕುಳಿತರೆ ಪಾಠ ಮುಗಿಯುವುದಿಲ್ಲವಲ್ಲ" ಎಂದರು. ಆ ಮಾತನ್ನು ತಳ್ಳಿಹಾಕುವಂತಿಲ್ಲ. ಪಠ್ಯ ಮುಗಿಸುವ ಒತ್ತಡ ಎಷ್ಟೆಂದು ನಾನು ಬಲ್ಲೆ. ಕೊನೆಗೆ, ಒಂದು ಅವಧಿಯಲ್ಲಿ ಮೂರು ಪ್ರಶ್ನೆಗಳನ್ನು ಮಾತ್ರ ಬೇರೆ ರೀತಿ ಕೇಳುವುದೆಂದು ನಿರ್ಧರಿಸಿದೆವು: ಯಾರೂ ಕೈ ಎತ್ತುವಂತಿಲ್ಲ, ಎಲ್ಲರೂ ಮೊದಲು ಬರೆಯಬೇಕು, ಆಮೇಲೆ ಶಿಕ್ಷಕಿ ಹೆಸರು ಹಿಡಿದು ಕರೆಯುತ್ತಾರೆ.

ಅದೇ ತರಗತಿಯ ಇನ್ನೊಬ್ಬ ಹುಡುಗನ ಬಗ್ಗೆಯೂ ಮಾತಾಯಿತು. ಅವನಿಗೆ ಗಮನವಿಲ್ಲ ಎಂಬ ದೂರಿದೆ. ನಾನು ಕಂಡಂತೆ, ಶಿಕ್ಷಕಿ ಹಲಗೆಯ ಕಡೆ ತಿರುಗಿ ಮಾತನಾಡಿದಾಗಲೆಲ್ಲ ಅವನು ಪಕ್ಕದವನ ಪುಸ್ತಕ ನೋಡುತ್ತಿದ್ದ. ಅವರು ಮಕ್ಕಳ ಕಡೆ ತಿರುಗಿದಾಗ ತಾನೇ ಬರೆಯುತ್ತಿದ್ದ. ಚಿಕ್ಕ ಮಕ್ಕಳಿಗೆ ನೆಗಡಿಯ ನಂತರ ಕಿವಿಯ ಒಳಗೆ ದ್ರವ ತುಂಬಿ, ಕೆಲವು ವಾರ ಸರಿಯಾಗಿ ಕೇಳಿಸದಿರುವುದು ಅಪರೂಪವಲ್ಲ. ಗಮನವಿಲ್ಲ ಎಂದು ಬರೆಯುವ ಮೊದಲು ಕಣ್ಣು, ಕಿವಿ ಎರಡನ್ನೂ ಪರೀಕ್ಷಿಸಬೇಕೆಂದು ನಾನು ಹಟ ಹಿಡಿಯುತ್ತೇನೆ. ಅವನ ತಾಯಿಗೆ ಅಂದೇ ತಿಳಿಸಿದೆವು. ಕಣ್ಣು, ಕಿವಿಯ ಪರೀಕ್ಷೆ ಆಗುವವರೆಗೆ ಅವನು ಮುಂದಿನ ಸಾಲಿನಲ್ಲಿ ಕೂರುತ್ತಾನೆ.

ಗುರುವಾರ ಕಾಗದಪತ್ರಗಳ ದಿನ. ಲೆಕ್ಕ, ದಾಸ್ತಾನು, ಪತ್ರಗಳಿಗೆ ಉತ್ತರ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆದರೆ ದುರಸ್ತಿ ಪಟ್ಟಿಯಲ್ಲಿ ನಾನು ಮೊದಲು ನೋಡುವುದು ಶೌಚಾಲಯದ ಬಾಗಿಲಿನ ಚಿಲಕವನ್ನು. ಚಿಲಕ ಸರಿಯಿಲ್ಲದಿದ್ದರೆ ಮಕ್ಕಳು ಒಳಗೆ ಹೋಗುವುದಿಲ್ಲ. ಹೋಗಬೇಕಾಗುತ್ತದೆಂದು ನೀರನ್ನೂ ಕುಡಿಯುವುದಿಲ್ಲ. ಮಧ್ಯಾಹ್ನದ ತಲೆನೋವಿನ ಕಾರಣ ಹಲವು ಬಾರಿ ಅಲ್ಲಿರುತ್ತದೆ.

ಅಂದೇ ಇನ್ನೊಂದು ವಿಷಯ ಎದುರಾಯಿತು. ಬರವಣಿಗೆ ಮುಗಿಸದ ಇಬ್ಬರನ್ನು ಆಟದ ಬಿಡುವಿನಲ್ಲಿ ಒಳಗೇ ಕೂರಿಸಲಾಗಿತ್ತು. ನಾನು ಅವರನ್ನು ಹೊರಗೆ ಕಳಿಸಿದೆ. ಆಟ ಮಗುವಿನ ಹಕ್ಕು ಎಂದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ 1989ರಲ್ಲೇ ತನ್ನ 31ನೆಯ ವಿಧಿಯಲ್ಲಿ ಬರೆದಿದೆ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ದಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೂತು ಬರೆಯಲಾಗದ ಮಗುವಿಗೆ ಓಡುವ ಹೊತ್ತನ್ನೂ ತಪ್ಪಿಸಿದರೆ ಅದು ಮತ್ತಷ್ಟು ಚಡಪಡಿಸುತ್ತದೆ. ಬಾಕಿ ಬರವಣಿಗೆಗೆ ಬೇರೆ ಸಮಯ ಹುಡುಕೋಣ ಎಂದು ಶಿಕ್ಷಕರಿಗೆ ಹೇಳಿದೆ, ಮಕ್ಕಳ ಎದುರಿಗಲ್ಲ, ಆಮೇಲೆ ಕಚೇರಿಯಲ್ಲಿ.

ಶುಕ್ರವಾರ ಒಬ್ಬ ತಾಯಿ ಬಹಳ ಸಿಟ್ಟಿನಲ್ಲಿ ಬಂದರು. ಮಗನಿಗೆ ಯಾರೋ ಹೊಡೆದಿದ್ದಾನೆ, ಆ ಹುಡುಗನನ್ನು ಈಗಲೇ ಕರೆಸಿ, ನಾನೇ ಕೇಳುತ್ತೇನೆ ಎಂದರು. ಅವರನ್ನು ಕೂರಿಸಿ, ಪೂರ್ತಿ ಹೇಳಲು ಬಿಟ್ಟೆ. ಹುಡುಗನನ್ನು ಮಾತ್ರ ಕರೆಸಲಿಲ್ಲ. ಶಾಲೆಯ ಆವರಣದಲ್ಲಿ ಒಬ್ಬರ ಮಗುವನ್ನು ಇನ್ನೊಬ್ಬ ಪೋಷಕರು ವಿಚಾರಣೆ ಮಾಡುವಂತಿಲ್ಲ. ಅವರ ಮಗನಿಗೂ ಇದೇ ರಕ್ಷಣೆಯಿದೆ ಎಂದಾಗ ಅವರ ದನಿ ಸ್ವಲ್ಪ ತಗ್ಗಿತು. ಆಮೇಲೆ ಇಬ್ಬರು ಹುಡುಗರನ್ನೂ ಬೇರೆ ಬೇರೆಯಾಗಿ ಮಾತನಾಡಿಸಿದೆ. "ಯಾಕೆ ಹೊಡೆದೆ?" ಎಂದರೆ ಮಗು ನೆಲ ನೋಡುತ್ತದೆ. "ಮೊದಲು ಏನಾಯಿತು, ಆಮೇಲೆ ಏನಾಯಿತು?" ಎಂದರೆ ಹೇಳತೊಡಗುತ್ತದೆ. ಕೆಲವು ವಾರಗಳಿಂದ ನಡೆಯುತ್ತಿದ್ದ ಅಡ್ಡಹೆಸರಿನ ಕಾಟ ಹೊರಬಂತು. ಹೊಡೆದದ್ದು ತಪ್ಪೇ, ಕರೆದದ್ದೂ ತಪ್ಪೇ. ಎರಡೂ ಮನೆಗಳಿಗೆ ಒಂದೇ ಮಾತನ್ನು ತಿಳಿಸಿದೆ.

ವಾರದ ಕೊನೆಗೆ ಮುಂದಿನ ವಾರದ ವೇಳಾಪಟ್ಟಿ ಬರೆಯುತ್ತೇನೆ. ಇಲ್ಲಿ ನೋಡಿ, ತರಗತಿಗಳಲ್ಲಿ ಕೂರುವ ಅವಧಿಗಳನ್ನು ಮೊದಲು ಶಾಯಿಯಲ್ಲಿ ಬರೆದಿದ್ದೇನೆ. ಸಭೆ, ಲೆಕ್ಕ, ಪತ್ರಗಳೆಲ್ಲ ಪೆನ್ಸಿಲಿನಲ್ಲಿ. ಮೇಜಿನ ಕೆಲಸಕ್ಕೆ ಮೊದಲ ಜಾಗ ಕೊಟ್ಟರೆ ಅದು ಇಡೀ ವಾರವನ್ನು ತಿಂದುಹಾಕುತ್ತದೆ. ಆಗ ಕಿಟಕಿಯ ಪಕ್ಕದಲ್ಲಿ ಬೆರಳು ಮಡಚುವ ಮಗು ಯಾರಿಗೂ ಕಾಣುವುದಿಲ್ಲ.

ಮುಂದಿನ ಬುಧವಾರ ಮತ್ತೆ ನಾಲ್ಕನೆಯ ತರಗತಿಗೆ ಹೋಗುತ್ತೇನೆ. ಅದಕ್ಕೆ ಮೊದಲು, ಎರಡನೆಯ ತರಗತಿಯಲ್ಲಿ ನಾನು ಪಾಠ ಮಾಡುವಾಗ ಆ ಶಿಕ್ಷಕಿ ಬಂದು ಹಿಂದೆ ಕೂರುತ್ತಾರೆ, ನಾನು ಎಷ್ಟು ಸೆಕೆಂಡು ಕಾಯುತ್ತೇನೆಂದು ಬರೆದುಕೊಳ್ಳುತ್ತಾರೆ. ಅವರ ಟಿಪ್ಪಣಿಯಲ್ಲಿ ಏನಿತ್ತು ಎಂಬುದನ್ನು, ಅವರು ಒಪ್ಪಿದರೆ, ಮುಂದಿನ ವಿಡಿಯೊದಲ್ಲಿ ಓದಿ ಹೇಳುತ್ತೇನೆ.