ಬೇಲಿ ಇಲ್ಲದ ಹೊಲ, ಗೂಟ ಹೊಡೆಯೋ ಕೋರ್ಟು: ಇಂಗ್ಲೆಂಡಿನ ಲ್ಯಾಕ್ಸ್ಟನ್ ಊರು

ಎಲ್ರಿಗೂ ನಮಸ್ಕಾರ. ಇಂಗ್ಲೆಂಡಿನ ಹಳ್ಳಿ ಅಂದ ತಕ್ಷಣ ರೀಲ್ಸಲ್ಲಿ ಬರತ್ತಲ್ಲ, ಜೇನು ಬಣ್ಣದ ಕಲ್ಲಿನ ಮನೆ, ಬಾಗಿಲ ಮೇಲೆಲ್ಲ ಗುಲಾಬಿ ಬಳ್ಳಿ, ಅದ್ಯಾವುದೂ ಈ ವಿಡಿಯೋಲಿ ಇಲ್ಲ, ಮೊದ್ಲೇ ಹೇಳಿಬಿಡ್ತೀನಿ. ಇದು ಲ್ಯಾಕ್ಸ್ಟನ್, ನಾಟಿಂಗ್‌ಹ್ಯಾಮ್‌ಶೈರ್‌ನಲ್ಲಿದೆ, ರಾಬಿನ್ ಹುಡ್ ಕಥೆಯ ಶೆರ್ವುಡ್ ಕಾಡಿನ ಸೀಮೆ, ಎ1 ಹೈವೇ ಬಿಟ್ಟು ಟಕ್ಸ್‌ಫರ್ಡ್ ಕಡೆಯಿಂದ ಒಳಗೆ ಬಂದ್ರೆ ಸಿಗತ್ತೆ. ಕೆಂಪು ಇಟ್ಟಿಗೆ ಮನೆಗಳು, ಮೇಲೆ ಹೆಂಚು, ಒಂದು ಚರ್ಚು, ಒಂದು ಪಬ್ಬು, ರಸ್ತೆ ತುಂಬಾ ಟ್ರ್ಯಾಕ್ಟರ್ ಚಕ್ರದ ಕೆಸರು. ಅಷ್ಟೇ.

ಆದ್ರೆ ಈ ಮನೆಗಳನ್ನ ಸ್ವಲ್ಪ ಗಮನಿಸಿ. ಎಷ್ಟೋ ಮನೆಗಳ ಪಕ್ಕದ ಗೋಡೆ ರಸ್ತೆಗೆ ತಾಗಿಕೊಂಡಿದೆ, ಉದ್ದಕ್ಕೆ ಹಿಂದಕ್ಕೆ ಹೋಗಿದೆ, ಹಿಂದ್ಗಡೆ ಕೊಟ್ಟಿಗೆ, ಕಣಜ, ಅಂಗಳ. ಇಂಗ್ಲೆಂಡಲ್ಲಿ ಬೇರೆ ಕಡೆ ಬಹಳಷ್ಟು ರೈತರ ಮನೆಗಳು ಊರಾಚೆ ಹೊಲದ ಮಧ್ಯದಲ್ಲಿ ಒಂಟಿಯಾಗಿ ಇರ್ತವೆ, ಇಲ್ಲಿ ಮಾತ್ರ ನಮ್ಮ ಕಡೆ ಥರ ಎಲ್ರೂ ಊರೊಳಗೇ. ಯಾಕಂದ್ರೆ ಇಲ್ಲಿ ಒಬ್ಬ ರೈತನ ಜಮೀನು ಒಂದೇ ಕಡೆ ಇಲ್ಲ, ವೆಸ್ಟ್ ಫೀಲ್ಡ್, ಸೌತ್ ಫೀಲ್ಡ್, ಮಿಲ್ ಫೀಲ್ಡ್ ಅಂತ ಮೂರು ದೊಡ್ಡ ಬಯಲು, ಆ ಮೂರರಲ್ಲೂ ಇಲ್ಲೊಂದು ಪಟ್ಟಿ ಅಲ್ಲೊಂದು ಪಟ್ಟಿ ಅಂತ ಚದುರಿ ಬಿದ್ದಿದೆ. ಎಲ್ಲಿ ಮನೆ ಕಟ್ಟಿದ್ರೂ ಬಾಕಿ ಹೊಲ ದೂರಾನೇ, ಅದಕ್ಕೆ ಊರೊಳಗೇ ಇದ್ರಾಯ್ತು ಅಂತ ಲೆಕ್ಕ.

ಮಧ್ಯಕಾಲದಲ್ಲಿ ಇಂಗ್ಲೆಂಡಿನ ಬಯಲುಸೀಮೆ ಹಳ್ಳಿಗಳಲ್ಲಿ ಎಷ್ಟೋ ಕಡೆ ಇದೇ ಪದ್ಧತಿ ಇತ್ತು. ಒಂದು ಬಯಲಲ್ಲಿ ಚಳಿಗಾಲದ ಗೋಧಿ, ಇನ್ನೊಂದ್ರಲ್ಲಿ ವಸಂತದಲ್ಲಿ ಬಿತ್ತೋ ಬೆಳೆ, ಮೂರನೇದು ಬೀಳು, ಮುಂದಿನ ವರ್ಷ ಸರದಿ ಬದಲು. ಒಳ್ಳೆ ಮಣ್ಣು ಕೆಟ್ಟ ಮಣ್ಣು ಎರಡೂ ಎಲ್ರಿಗೂ ಒಂದಿಷ್ಟು ಬರ್ಲಿ ಅಂತ ಪಟ್ಟಿ ಹಂಚಿದ್ದು ಅಂತಾರೆ. ಆಮೇಲೆ ಏನಾಯ್ತು, ಜಮೀನ್ದಾರ್ರು ಪಾರ್ಲಿಮೆಂಟಿಂದ ಒಂದೊಂದೇ ಕಾನೂನು ಮಾಡಿಸ್ಕೊಂಡು ಪಟ್ಟಿಗಳನ್ನೆಲ್ಲ ಒಟ್ಟುಗೂಡಿಸಿ ಬೇಲಿ ಹಾಕ್ಬಿಟ್ರು, 1604ರಿಂದ 1914ರವರೆಗೆ ಇಂಥ ಕಾನೂನುಗಳು 5,200ಕ್ಕೂ ಜಾಸ್ತಿ, ಸೇರಿದ ಭೂಮಿ ಸುಮಾರು 68 ಲಕ್ಷ ಎಕರೆ, ಅಂದ್ರೆ ಇಡೀ ಇಂಗ್ಲೆಂಡಿನ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ನಾವು ವಿಮಾನದ ಕಿಟಕಿಯಿಂದ ನೋಡಿ ಆಹಾ ಅಂತೀವಲ್ಲ, ಆ ಹಸಿರು ಚೌಕಗಳು, ಅದ್ರಲ್ಲಿ ಎಷ್ಟೋ ಬೇಲಿ ಈ ಲೆಕ್ಕದ್ದೇ. ಗೋಮಾಳ, ಸೌದೆ, ಕೊಯ್ಲಾದ ಹೊಲದಲ್ಲಿ ದನ ಮೇಯಿಸೋ ಹಕ್ಕು ನಂಬ್ಕೊಂಡಿದ್ದ ಬಡವರಿಗೆ ಅದು ಆಹಾ ಅನ್ನೋ ವಿಷಯ ಆಗಿರ್ಲಿಲ್ಲ.

ಲ್ಯಾಕ್ಸ್ಟನ್ ಹೆಂಗೆ ಉಳೀತು? ಇಲ್ಲಿನ ಇಬ್ರು ದೊಡ್ಡ ಜಮೀನ್ದಾರ್ರಿಗೆ ಹೊಂದಾಣಿಕೆ ಆಗ್ಲಿಲ್ಲ, ಅಷ್ಟೊತ್ತಿಗೆ ವ್ಯವಸಾಯದ ರೇಟು ಬಿದ್ದು ಬೇಲಿ ಹಾಕೋ ಖರ್ಚೂ ಗಿಟ್ಟಲಿಲ್ಲ ಅನ್ನೋದು ವಾಡಿಕೆ ಮಾತು. ಯಾರೋ ಪುಣ್ಯಾತ್ಮ ಪರಂಪರೆ ಉಳಿಸೋಣ ಅಂತ ಎದ್ದು ನಿಂತಿದ್ದಲ್ಲ, ನನಗೆ ಈ ಕಾರಣಕ್ಕೇ ಈ ಊರು ಜಾಸ್ತಿ ಇಷ್ಟ. 20ನೇ ಶತಮಾನದ ಶುರುವಲ್ಲಿ ಸಣ್ಣ ಸಣ್ಣ ಪಟ್ಟಿಗಳನ್ನ ಸೇರಿಸಿ ದೊಡ್ಡದು ಮಾಡಿದಾರೆ, ಹಾಗಾಗಿ ಈಗ ಕಂಬೈನ್ ಮಷೀನೂ ಆರಾಮಾಗಿ ಓಡಾಡತ್ತೆ, ಹಳೇ ಕಾಲದ ಕುದುರೆ ನೇಗಿಲು ನೋಡೋಕೆ ಬಂದ್ರೆ ನಿರಾಸೆ ಆಗತ್ತೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಬೇಲಿ ಇಲ್ಲ ಅಂದ್ಮೇಲೆ ಒತ್ತುವರಿ ಇರಲೇಬೇಕಲ್ವಾ? ಪ್ರತಿ ವರ್ಷ ಒಂದೊಂದು ಗೆರೆ ಆಚೆ ಉತ್ತರೆ ಹತ್ತು ವರ್ಷಕ್ಕೆ ಎಷ್ಟಾಯ್ತು ಅಂತ ನಮ್ಮ ತಾತಂದಿರಿಗೆ ಗೊತ್ತು, ಬದು ಜಗಳದಲ್ಲಿ ಮಾತು ಬಿಟ್ಟಿರೋ ದಾಯಾದಿಗಳು ನಮ್ಮೂರ ಕಡೆ ಮನೆಗೊಬ್ರು ಸಿಗ್ತಾರೆ. ಇಲ್ಲಿ ಅದಕ್ಕೆ ಕೋರ್ಟ್ ಲೀಟ್ ಅಂತ ಒಂದು ಊರಿನ ಕೋರ್ಟಿದೆ. ನವೆಂಬರ್ ಕೊನೇ ಗುರುವಾರ ಜ್ಯೂರಿ ದಿನ, ಅವತ್ತೇ ನೋಡಿಕೊಂಡು ಹೋಗಿದ್ದೆ. ಟ್ರ್ಯಾಕ್ಟರ್ ಹಿಂದೆ ಟ್ರೈಲರ್, ಅದ್ರಲ್ಲಿ ಜ್ಯೂರಿ ಆಗಿರೋ ಊರಿನ ರೈತರು, ಎಲ್ಲಾ ದಪ್ಪ ಜಾಕೆಟ್ಟು ಗಮ್‌ಬೂಟು, ಆ ವರ್ಷ ಗೋಧಿ ಬಿತ್ತಿರೋ ಬಯಲಿಗೆ ಹೋಗ್ತಾರೆ. ಒಬ್ರು ಗಡಿ ಅಂದಾಜು ಮಾಡಿ ಗೂಟ ಇಡ್ತಾರೆ, ದೂರ ನಿಂತಿರೋರು ಒಂದು ಕಣ್ಣು ಮುಚ್ಕೊಂಡು ಆ ತುದಿ ಗೂಟಕ್ಕೂ ಈ ತುದಿ ಗೂಟಕ್ಕೂ ನೇರ ಇದ್ಯಾ ನೋಡಿ ಇನ್ನೊಂಚೂರು ಆ ಕಡೆ ಅಂತ ಕೈಯಾಡಿಸ್ತಾರೆ, ಆಮೇಲೆ ಸುತ್ತಿಗೆ ಏಟು. ಗೂಟದಿಂದಾಚೆ ರಸ್ತೆ ಕಡೆಗೋ ಹುಲ್ಲಿನ ಕಡೆಗೋ ಹಸಿರು ಪೈರು ಎದ್ದಿದ್ರೆ ಸಿಕ್ಕಿಬಿದ್ದಂಗೆ. ಯಾರೂ ಜೋರು ಧ್ವನಿ ಮಾಡಲ್ಲ, ಪೈರು ಅಲ್ಲೇ ನಿಂತು ಸಾಕ್ಷಿ ಹೇಳ್ತಿರತ್ತೆ, ವಾದ ಏನು ಮಾಡೋದು.

ಆಮೇಲೆ ಎಲ್ರೂ ಡವ್‌ಕೋಟ್ ಇನ್ ಪಬ್ಬಿಗೆ ಊಟಕ್ಕೆ. ಒಂದು ವಾರ ಬಿಟ್ಟು ಅದೇ ಪಬ್ಬಲ್ಲೇ ಕೋರ್ಟು, ಜಮೀನ್ದಾರ್ರ ಪರವಾಗಿ ಸ್ಟೂವರ್ಡ್ ಕೂರ್ತಾರೆ, ಜ್ಯೂರಿ ತಾನು ಕಂಡ ತಪ್ಪುಗಳ ಲಿಸ್ಟ್ ಓದತ್ತೆ, ತಪ್ಪು ಮಾಡಿದೋರಿಗೆ ದಂಡ ಹಾಕ್ತಾರೆ, ಮುಂದಿನ ವರ್ಷದ ಬಯಲಿಗೆ ಹೊಸ ಜ್ಯೂರಿ ಪ್ರಮಾಣ ಮಾಡತ್ತೆ. ದಂಡದ ದುಡ್ಡು ದೊಡ್ಡದೇನಲ್ಲ. ಆದ್ರೆ ನಿಮ್ಮ ಪಕ್ಕದ ಹೊಲದವನು, ನಿಮ್ಮ ಹಿಂದಿನ ಮನೆಯವನು, ಎಲ್ರ ಮುಂದೆ ಹೆಸರು ಓದ್ತಾರೆ, ಇದಕ್ಕಿಂತ ಶಿಕ್ಷೆ ಬೇಕಾ? 1977ರ ಒಂದು ಕಾನೂನಲ್ಲಿ ಇಂಗ್ಲೆಂಡಿನ ಇಂಥ ಹಳೇ ಊರು ಕೋರ್ಟುಗಳ ಅಧಿಕಾರ ಸಾಲಾಗಿ ಹೋಯ್ತು, ಲ್ಯಾಕ್ಸ್ಟನ್ನಿನದು ಈಗ್ಲೂ ನಡೀತಿದೆ, ಅದೂ ಶೋಕಿಗಲ್ಲ, ಹೊಲದ ಕೆಲಸಕ್ಕೆ.

ಮೂರು ಬಯಲುಗಳ ಅಂಚಲ್ಲಿ ಉಳೋಕಾಗದ ತಗ್ಗು ಜಾಗಗಳಿವೆ, ಸೈಕ್ ಅಂತಾರೆ, ನೇಗಿಲು ಮುಟ್ಟದೇ ಇರೋದ್ರಿಂದ ಅಲ್ಲಿ ಕಾಡು ಹೂವು ಚೆನ್ನಾಗಿ ಬರತ್ತೆ, ಹುಲ್ಲನ್ನ ಬೇಸಿಗೇಲಿ ಹರಾಜು ಹಾಕ್ತಾರೆ. ಊರೊಳಗೆ ದನದ ದೊಡ್ಡಿನೂ ಇದೆ ಮಾರಾಯ್ರೆ, ಪರರ ಬೆಳೆಗೆ ನುಗ್ಗಿದ ದನ ತಂದು ಕೂಡಿ ದಂಡ ಕಟ್ಟೋ ತನಕ ಬಿಡದೇ ಇರೋ ಅದೇ ದೊಡ್ಡಿ, ಕಲ್ಲು ಇಟ್ಟಿಗೆ ಬೇರೆ ಅಷ್ಟೇ.

1635ರಲ್ಲಿ ಮಾರ್ಕ್ ಪಿಯರ್ಸ್ ಅನ್ನೋ ಸರ್ವೆಯರ್ ಇಡೀ ಊರಿನ ನಕ್ಷೆ ಮಾಡಿದ, ಆಗಿನ ಮಾಲೀಕ ಸರ್ ವಿಲಿಯಂ ಕೋರ್ಟನ್ ಮಾಡ್ಸಿದ್ದು. ಪಟ್ಟಿ ಪಟ್ಟಿನೂ ಗುರುತಿದೆ, ನಡುನಡುವೆ ಉಳೋರು, ಕೊಯ್ಯೋರು, ಬೇಟೆ ಆಡೋರು ಚಿಕ್ಕ ಚಿಕ್ಕ ಚಿತ್ರ. ಮೂಲ ಆಕ್ಸ್‌ಫರ್ಡಿನ ಬೋಡ್ಲಿಯನ್ ಲೈಬ್ರರಿಲಿದೆ. ನಮ್ಮ ಗ್ರಾಮ ನಕ್ಷೆಲಿ ಇಷ್ಟು ಶೃಂಗಾರ ನೋಡಿಲ್ಲಪ್ಪ ನಾನು.

ಊರಿನ ಉತ್ತರಕ್ಕೆ ನಾರ್ಮನ್ನರ ಕಾಲದ ಕೋಟೆ, ಕೋಟೆ ಅಂದ್ರೆ ಈಗ ಮಣ್ಣಿನ ದಿಬ್ಬ ಕಂದಕ ಅಷ್ಟೇ. ಶೆರ್ವುಡ್ ಕಾಡಿನ ಉಸ್ತುವಾರಿ ನೋಡ್ತಿದ್ದ ಮನೆತನದ ಜಾಗ ಅದು. ಚರ್ಚಲ್ಲಿ ಎವರಿಂಗ್‌ಹ್ಯಾಮ್ ಮನೆತನದ ಸಮಾಧಿ ಪ್ರತಿಮೆಗಳಿವೆ, ಅದ್ರಲ್ಲಿ ಒಬ್ಬ ಹೆಂಗಸಿನದು ಓಕ್ ಮರದ್ದು, ಹತ್ರ ಹೋಗಿ ನೋಡಿ.

ಮಾಲೀಕತ್ವದ ಕಥೆ ಬೇಗ ಹೇಳ್ತೀನಿ. ಇಲ್ಲಿನ ಜಮೀನ್ದಾರ ಆರನೇ ಅರ್ಲ್ ಮ್ಯಾನ್‌ವರ್ಸ್ 1952ರಲ್ಲಿ ಊರನ್ನ ಸರ್ಕಾರದ ಕೃಷಿ ಇಲಾಖೆಗೆ ಮಾರಿದ್ರು, ಪದ್ಧತಿ ಉಳೀಲಿ ಅಂತ. 1981ರಲ್ಲಿ ಕ್ರೌನ್ ಎಸ್ಟೇಟಿಗೆ, ಅಂದ್ರೆ ಬ್ರಿಟಿಷ್ ರಾಜಗದ್ದುಗೆ ಹೆಸರಲ್ಲಿರೋ ಆಸ್ತಿ ನೋಡ್ಕೊಳೋ ಸಂಸ್ಥೆಗೆ ಹೋಯ್ತು, 2020ರಲ್ಲಿ ವಾಪಸ್ ಥೋರ್ಸ್‌ಬಿ ಎಸ್ಟೇಟಿಗೆ, ಅಂದ್ರೆ ಮ್ಯಾನ್‌ವರ್ಸ್ ವಂಶದ ಕಡೆಗೇ. ರೈತರು ಇವತ್ತಿಗೂ ಗೇಣಿದಾರರೇ. ಉಳುವವನೇ ಒಡೆಯ ಅಂತ ಕೇಳ್ಕೊಂಡು ಬೆಳೆದ ನನಗೆ ಇದೊಂದು ಇಲ್ಲಿ ಗಂಟಲಲ್ಲಿ ಸಿಕ್ಕಿಹಾಕ್ಕೊಳತ್ತೆ.

ಬರೋರಿದ್ರೆ ಮೊದ್ಲು ಪಬ್ಬಿನ ಹಿಂದಿರೋ ಪುಟ್ಟ ಮ್ಯೂಸಿಯಂ ನೋಡ್ಕೊಂಡು ಆಮೇಲೆ ಬಯಲಿಗೆ ಹೋಗಿ, ಇಲ್ಲಾಂದ್ರೆ ಬರೀ ಹೊಲ ಕಾಣತ್ತೆ, ಪಟ್ಟಿ ಕಾಣಲ್ಲ. ಜಿಗಟು ಮಣ್ಣು, ಬಿಳಿ ಸ್ನೀಕರ್ಸ್ ಮನೇಲೇ ಬಿಟ್ಟು ಬನ್ನಿ. ಮತ್ತೆ ಡ್ರೋನ್ ಹಾರಿಸೋಕೆ ಮುಂಚೆ ರೈತರನ್ನ ಒಂದು ಮಾತು ಕೇಳಿ, ಗಡಿ ವಿಷಯದಲ್ಲಿ ಈ ಊರಿನೋರು ಹೆಂಗೆ ಅಂತ ಹೇಳಿದೀನಲ್ಲ.