ಯಾರೂ ಬಾರದ ಅಂತ್ಯಕ್ರಿಯೆಗೆ ಒಬ್ಬ ಕವಿ

ಕೇಳುಗರಿಗೆ ನಮಸ್ಕಾರ. ಕವಿತೆ ಬರೆದು ಏನು ಪ್ರಯೋಜನ? ಈ ಪ್ರಶ್ನೆ ಕೇಳಿ ಕೇಳಿ ನನಗೆ ಸಾಕಾಗಿದೆ. ಕೇಳುವವರಿಗೆಲ್ಲ ನಾನು ಮಾರ್ಟನ್ ಇಂಗೆಲ್ಸ್ ಅವರ ಹೆಸರು ಹೇಳುತ್ತೇನೆ.

ಇವರು ಫ್ಲಾಂಡರ್ಸ್‌ನ ಕವಿ. ಫ್ಲಾಂಡರ್ಸ್ ಅಂದರೆ ಬೆಲ್ಜಿಯಂನ ಉತ್ತರ ಭಾಗ, ಡಚ್ ಮಾತಾಡುವ ಸೀಮೆ. ಹುಟ್ಟಿದ್ದು 1988ರಲ್ಲಿ. ಇನ್ನೂ ಇಪ್ಪತ್ತೊಂದು ತುಂಬುವ ಹೊತ್ತಿಗೆ, 2009ರಲ್ಲಿ, ಆಂಟ್‌ವರ್ಪ್ ನಗರದಲ್ಲಿ 'ಒಂಟಿ ಅಂತ್ಯಕ್ರಿಯೆ' ಎಂಬ ಕೆಲಸಕ್ಕೆ ಕೈಹಾಕಿದರು. ಇದು ಮೊದಲು ಶುರುವಾಗಿದ್ದು ನೆದರ್‌ಲ್ಯಾಂಡ್ಸ್‌ನಲ್ಲಿ. ಆಂಸ್ಟರ್‌ಡ್ಯಾಮ್‌ನಲ್ಲಿ ಎಫ್. ಸ್ಟಾರಿಕ್ ಎಂಬ ಕವಿ ಅದನ್ನು ಬೆಳೆಸಿದ್ದರು.

ಅದು ನಡೆಯುವುದು ಹೀಗೆ. ಊರಿನಲ್ಲಿ ಯಾರೋ ಒಬ್ಬರು ತೀರಿಹೋಗುತ್ತಾರೆ. ಹಿಂದೆ ಮುಂದೆ ಯಾರೂ ಇಲ್ಲ. ಕೆಲವರು ಸತ್ತದ್ದೇ ಎಷ್ಟೋ ದಿನ ಗೊತ್ತಾಗಿರುವುದಿಲ್ಲ. ಮಣ್ಣು ಮಾಡುವ ಹೊಣೆ ನಗರದ್ದು. ಆಗ ಒಬ್ಬ ಕವಿಗೆ ಸುದ್ದಿ ಹೋಗುತ್ತದೆ. ಕೈಗೆ ಸಿಗುವುದು ಹೆಸರು, ಹುಟ್ಟಿದ ದಿನ, ವಿಳಾಸ, ಅದರ ಮೇಲೆ ಅಲ್ಪಸ್ವಲ್ಪ. ಕವಿ ಆ ಬೀದಿಗೆ ಹೋಗುತ್ತಾರೆ. ಅಕ್ಕಪಕ್ಕದವರನ್ನು ಮಾತಾಡಿಸುತ್ತಾರೆ. ಕಿಟಕಿಯಲ್ಲಿ ಪರದೆ ಇದೆಯಾ, ಬಾಗಿಲ ಮೇಲೆ ಹೆಸರು ಉಳಿದಿದೆಯಾ ಅಂತ ನೋಡುತ್ತಾರೆ. ಅಷ್ಟರಲ್ಲೇ, ಕೆಲವೇ ದಿನಗಳಲ್ಲಿ, ಆ ಒಬ್ಬ ಮನುಷ್ಯನಿಗಾಗಿ ಒಂದು ಕವಿತೆ ಬರೆಯಬೇಕು. ಸ್ಖೋನ್ಸೆಲ್‌ಹೋಫ್ ಸ್ಮಶಾನದಲ್ಲಿ ಶವಪೆಟ್ಟಿಗೆಯ ಎದುರು ಓದಬೇಕು. ಕೇಳುವವರು ಯಾರು? ಪೆಟ್ಟಿಗೆ ಹೊತ್ತು ತಂದವರು, ಎಲ್ಲೋ ಒಮ್ಮೆ ಒಬ್ಬ ನೆರೆಯವರು. ಚಪ್ಪಾಳೆ ಇಲ್ಲ, ಹಾರ ಇಲ್ಲ. ಹಾಗಂತ ಅರೆಮನಸ್ಸಿನಿಂದ ಬರೆದರೆ ಆಗುತ್ತಾ? ಆಗುವುದಿಲ್ಲ. ಆ ಮನುಷ್ಯನ ಬಗ್ಗೆ ಹೇಳುವ ಕೊನೆಯ ಮಾತು ಅದು.

ಇದೇ ಸ್ಮಶಾನದಲ್ಲಿ ಫ್ಲಾಂಡರ್ಸ್‌ನ ದೊಡ್ಡ ಕವಿ ಪಾಲ್ ವಾನ್ ಒಸ್ಟೈಯನ್ ಮಲಗಿದ್ದಾರೆ, ಹರ್ಮನ್ ಡ ಕೋನಿಂಕ್ ಮಲಗಿದ್ದಾರೆ. ಅವರ ಸಮಾಧಿ ಹುಡುಕಿಕೊಂಡು ಜನ ಹೋಗುತ್ತಾರೆ. ಹುಡುಕಿಕೊಂಡು ಯಾರೂ ಬಾರದವರಿಗೂ ಅದೇ ಮಣ್ಣಿನಲ್ಲಿ ಒಂದು ಕವಿತೆ ಸಿಕ್ಕಿತಲ್ಲ, ನನಗೆ ಅದು ದೊಡ್ಡದು. ಕವಿತೆ ಒಬ್ಬರಿಗೋಸ್ಕರ ಮಾಡುವ ಕೆಲಸ. ಮತ್ತೆ ಹೇಳುತ್ತೇನೆ, ಕೆಲಸ. ಪ್ರಶಸ್ತಿಗೆ ಕಳಿಸುವ ಅರ್ಜಿ ಅಲ್ಲ.

ಸಮಯ ಜಾಸ್ತಿ ಉಳಿದಿಲ್ಲ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. 2016ರಿಂದ 2018ರವರೆಗೆ ಇಂಗೆಲ್ಸ್ ಆಂಟ್‌ವರ್ಪ್‌ನ ನಗರ ಕವಿ, ಅಂದರೆ ನಗರವೇ ನೇಮಿಸಿದ ಕವಿ ಆಗಿದ್ದರು. ಆಗ ಅವರು ಒಂದು ನಕ್ಷೆಯನ್ನೂ ಮಾಡಿದರು. ಬೀದಿ ಬೀದಿಯ ಕ್ಯಾಮೆರಾಗಳ ಕಣ್ಣು ತಪ್ಪಿಸಿ ಊರು ದಾಟುವ ದಾರಿಯ ನಕ್ಷೆ. ಕಾದಂಬರಿಗಳನ್ನೂ ಬರೆದಿದ್ದಾರೆ, ಅದು ಇನ್ನೊಂದು ದಿನದ ಮಾತು. ಸ್ಟಾರಿಕ್ 2018ರಲ್ಲಿ ತೀರಿಕೊಂಡರು. ಇಬ್ಬರೂ ಸೇರಿ ಈ ಅಂತ್ಯಕ್ರಿಯೆಗಳ ಕವಿತೆ, ವರದಿಗಳನ್ನು ಕೂಡಿಸಿದ ಪುಸ್ತಕ ಇಂಗ್ಲಿಷಿನಲ್ಲಿ ಸಿಗುತ್ತದೆ. ದಯವಿಟ್ಟು ಕವಿತೆಯ ಜೊತೆ ವರದಿಯನ್ನೂ ಓದಿ, ಬಿಡಬೇಡಿ. ನಮಸ್ಕಾರ.