ರೇಷ್ಮೆ ಹುಳುವಿನ ಮೈಮೇಲೆ ಕಪ್ಪು ಚುಕ್ಕೆ: ಊಜಿ ನೊಣದ ಒಳಗುಟ್ಟು

[ದೃಶ್ಯ: ಬೆಳ್ಳಗಿನ ರೇಷ್ಮೆ ಹುಳು, ಮೈಮೇಲೆ ಒಂದು ಕಪ್ಪು ಚುಕ್ಕೆ]

ಈ ಚುಕ್ಕೆ ಕಂಡರೆ ರೇಷ್ಮೆ ಬೆಳೆಗಾರರ ಎದೆ ಧಸಕ್ಕೆನ್ನುತ್ತದೆ. ಹುಳುವಿಗೆ ಊಜಿ ಬಿದ್ದಿದೆ!

ರಾಮನಗರ, ಶಿಡ್ಲಘಟ್ಟದ ಕಡೆ ಊಜಿ ನೊಣ ಗೊತ್ತಿಲ್ಲದವರಿಲ್ಲ. ಆದರೆ ಅದರ ಕುಲದ ಹೆಸರು ಎಕ್ಸೋರಿಸ್ಟಾ ಅಂತ ಕೇಳಿದವರು ಕಡಿಮೆ. ಬಂಗಾಳದಲ್ಲಿ ಮೊದಲಿನಿಂದಲೂ ಇದ್ದ ಈ ನೊಣ ಕರ್ನಾಟಕದಲ್ಲಿ ಕಾಣಿಸಿಕೊಂಡಿದ್ದು 1980ರಲ್ಲಿ. ರೇಷ್ಮೆ ಗೂಡಿನ ಜೊತೆಗೇ ಸವಾರಿ ಮಾಡಿ ಬಂತು.

[ದೃಶ್ಯ: ಹುಳುವಿನ ಮೇಲೆ ಕೂತ ಬೂದು ಪಟ್ಟೆಯ ನೊಣ]

ಹೆಣ್ಣು ನೊಣ ಬಲಿತ ಹುಳುವನ್ನೇ ಹುಡುಕುತ್ತದೆ. ಚರ್ಮದ ಮೇಲೆ ಒಂದೋ ಎರಡೋ ಬಿಳಿ ಮೊಟ್ಟೆ ಅಂಟಿಸಿ ಹಾರಿಹೋಗುತ್ತದೆ. ಎರಡು ಮೂರು ದಿನಕ್ಕೆ ಮೊಟ್ಟೆಯೊಡೆದ ಮರಿ ಚರ್ಮ ಕೊರೆದು ಒಳಗಿಳಿಯುತ್ತದೆ.

ಒಳಗೇನೋ ಹೋಯಿತು, ಆದರೆ ಉಸಿರಾಡಬೇಕಲ್ವಾ? ಅಲ್ಲೇ ಇರೋದು ಮಜಾ. ಹೊರಗಿನವನು ಯಾರೋ ಹೊಕ್ಕಿದ್ದಾನೆ ಅಂತ ಹುಳುವಿನ ರಕ್ತಕಣಗಳು ಮರಿಯನ್ನು ಮುತ್ತಿಕೊಳ್ಳುತ್ತವೆ. ಸುತ್ತ ಗೋಡೆ ಕಟ್ಟುತ್ತವೆ. ಆ ಗೋಡೆ ಕಪ್ಪಾಗಿ ಗಟ್ಟಿಯಾಗುತ್ತದೆ. ಬೇರೆ ಯಾವುದಾದರೂ ಆಗಿದ್ದರೆ ಉಸಿರು ಕಟ್ಟಿ ಸಾಯುತ್ತಿತ್ತು. ಈ ಮರಿ ಮಾತ್ರ ಅದೇ ಗೋಡೆಯನ್ನು ಉಸಿರಾಟದ ಕೊಳವೆ ಮಾಡಿಕೊಳ್ಳುತ್ತದೆ! ಹಿಂಭಾಗವನ್ನು ತೂತಿನ ಕಡೆ ಇಟ್ಟು ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ, ಬಾಯಿಯಿಂದ ಒಳಗಿನದನ್ನು ತಿನ್ನುತ್ತದೆ. ನೀವು ನೋಡಿದ ಕಪ್ಪು ಚುಕ್ಕೆ ಅಂದರೆ ಆ ಕೊಳವೆಯ ಬಾಯಿ. ಇಷ್ಟು ಖದೀಮತನ ಮನುಷ್ಯರಲ್ಲೂ ಅಪರೂಪ.

ಊಜಿ ಬೇಗ ಬಿದ್ದರೆ ಹುಳು ಗೂಡು ಕಟ್ಟುವ ಮೊದಲೇ ಸಾಯುತ್ತದೆ. ತಡವಾಗಿ ಬಿದ್ದರೆ ಗೂಡೇನೋ ಕಟ್ಟುತ್ತದೆ, ಆದರೆ ಮರಿ ಅದನ್ನು ತೂತು ಮಾಡಿಕೊಂಡು ಹೊರಬರುತ್ತದೆ. ನೂರಾರು ಮೀಟರ್ ಉದ್ದದ ಒಂದೇ ಎಳೆ ಅಲ್ಲಲ್ಲಿ ತುಂಡು. ಅಂಥ ಗೂಡಿನಿಂದ ನೂಲು ತೆಗೆಯೋದಕ್ಕಾಗಲ್ಲ.

[ದೃಶ್ಯ: ಕಿಟಕಿಗೆ ನೈಲಾನ್ ಪರದೆ ಹಾಕಿದ ಹುಳು ಸಾಕುವ ಮನೆ]

ಇದೇ ಕುಲದ ಎಕ್ಸೋರಿಸ್ಟಾ ಲಾರ್ವೇರಮ್ ಅನ್ನುವ ನೊಣವನ್ನು ಅಮೆರಿಕದವರು ಯುರೋಪಿನಿಂದ ತರಿಸಿಕೊಂಡಿದ್ದರು, ಮರದ ಎಲೆ ಬೋಳಿಸುವ ಕಂಬಳಿಹುಳುಗಳನ್ನು ಕೊಲ್ಲಲಿ ಅಂತ. ನಮ್ಮಲ್ಲಿ ಕಳ್ಳ, ಅಲ್ಲಿ ಕಾವಲುಗಾರ.

ನಮ್ಮ ಬೆಳೆಗಾರರಿಗೆ ಮೊದಲ ರಕ್ಷಣೆ ಬಾಗಿಲು, ಕಿಟಕಿಗೆ ಹಾಕುವ ಪರದೆ. ನೊಣ ಒಳಗೇ ಬರದಿದ್ದರೆ ಅರ್ಧ ತಲೆನೋವು ಕಡಿಮೆ. ಆಮೇಲೆ ನೆಸೋಲಿಂಕ್ಸ್ ಥೈಮಸ್ ಅನ್ನುವ ಪುಟ್ಟ ಕಣಜವನ್ನು ಚೀಲದಲ್ಲಿ ತಂದು ಬಿಡುತ್ತಾರೆ. ಊಜಿ ಮರಿಗಳು ನೆಲದ ಬಿರುಕು, ಮೂಲೆಗಳಲ್ಲಿ ಸೇರಿಕೊಂಡು, ನೊಣವಾಗುವ ಮೊದಲು ಕೋಶವಾಗುತ್ತವಲ್ಲ, ಈ ಕಣಜ ಅವನ್ನು ಹುಡುಕಿ ಅದರೊಳಗೆ ತನ್ನ ಮೊಟ್ಟೆ ಇಡುತ್ತದೆ. ಪರಾವಲಂಬಿಗೇ ಒಂದು ಪರಾವಲಂಬಿ!

ಗೂಡು ಬಿಡಿಸಿದ ಮೇಲೆ ಕಣಜದ ಚೀಲವನ್ನು ಎಸೆಯಬೇಡಿ. ತಿಪ್ಪೆ ಹತ್ತಿರ ಇಡಿ. ಕಸದ ಜೊತೆ ಹೋದ ಊಜಿ ಕೋಶಗಳು ಅಲ್ಲೂ ಇರುತ್ತವೆ.